ಇಪ್ಪತ್ತಕ್ಕೆ ನಾಲ್ಕು

ಡೈರಿಯ ಡಿಸೆಂಬರ್ 12, ಗುರುವಾರದ ಪುಟದಲ್ಲಿ ಮೂರೇ ಸಾಲುಗಳಿವೆ. ಸಮೀಕ್ಷೆಯ ಫಲಿತಾಂಶ ಬಂತು. ಐದನೇ ತರಗತಿ, ಗಣಿತ, ಮಕ್ಕಳು ಹನ್ನೊಂದು, ಶಾಲೆಯ ಸರಾಸರಿ ಶೇಕಡ 55.91. ಸಂಜೆಯ ಬಸ್ಸು ಹದಿನೆಂಟು ನಿಮಿಷ ತಡ.

ಆ ವರ್ಷ ನಾನು ಅತಿಥಿ ಶಿಕ್ಷಕ. ಕೊಳ್ಳೇಗಾಲದ ಮನೆಯಿಂದ ಬೆಳಿಗ್ಗೆ ಏಳೂಕಾಲರ ಬಸ್ಸು ಹತ್ತುತ್ತಿದ್ದೆ. ಮಧುವನಹಳ್ಳಿ ದಾಟುವಷ್ಟರಲ್ಲಿ ಸೀಟು ಸಿಕ್ಕಿದರೆ ಹಿಂದಿನ ದಿನದ ಡೈರಿ ಬರೆಯುತ್ತಿದ್ದೆ. ಹನೂರಿನಲ್ಲಿ ಇಳಿದು ಕೌದಳ್ಳಿ ಕಡೆಯ ಬಸ್ಸು ಹಿಡಿದು, ಮುಖ್ಯರಸ್ತೆಯಿಂದ ಒಳಕ್ಕೆ ಒಂದೂವರೆ ಕಿಲೋಮೀಟರು ನಡೆದರೆ ನಮ್ಮ ಶಾಲೆ. ಒಂದರಿಂದ ಐದನೇ ತರಗತಿಯವರೆಗೆ ಮೂವತ್ನಾಲ್ಕು ಮಕ್ಕಳು, ಎರಡು ಕೊಠಡಿ, ಇಬ್ಬರು ಶಿಕ್ಷಕರು: ನಾನು ಮತ್ತು ಮುಖ್ಯ ಶಿಕ್ಷಕಿ. ಅವರು ಯಳಂದೂರಿನವರು. ಹನೂರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದು, ಶನಿವಾರ ಊರಿಗೆ ಹೋಗಿ ಸೋಮವಾರ ನನಗಿಂತ ಮೊದಲೇ ಶಾಲೆಯ ಬೀಗ ತೆಗೆದಿರುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಕ್ಕಳಿಗೆ ಅವರು ‘ಮಿಸ್ಸು’, ನಾನು ‘ಸಾ’. ಅವರು ನನ್ನನ್ನು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದರು; ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ.

ಸಮೀಕ್ಷೆ ಎಂದರೆ ಸರ್ಕಾರಿ ಶಾಲೆಗಳ ಮಕ್ಕಳೆಲ್ಲ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸುವ ಪರೀಕ್ಷೆ. ಇಪ್ಪತ್ತು ಪ್ರಶ್ನೆ, ಪ್ರತಿಯೊಂದರ ಕೆಳಗೂ ನಾಲ್ಕು ಉತ್ತರ. ಕೈಬರಹಕ್ಕೆ ಅಲ್ಲಿ ಜಾಗವಿಲ್ಲ. ಬೇರೆ ಒಂದು ಹಾಳೆಯಲ್ಲಿ ಪ್ರಶ್ನೆಗೆ ನಾಲ್ಕರಂತೆ ಸಣ್ಣ ವೃತ್ತಗಳನ್ನು ಅಚ್ಚು ಹಾಕಿರುತ್ತಾರೆ. ಸರಿಯಾದ ಉತ್ತರದ ವೃತ್ತವನ್ನು ಪೆನ್ನಿನಿಂದ ಕಪ್ಪು ಮಾಡಬೇಕು. ಆ ಹಾಳೆಯನ್ನು ಯಂತ್ರ ಓದಿ ಅಂಕ ಕೊಡುತ್ತದೆ. ನಮ್ಮ ಮಕ್ಕಳು ಅದನ್ನು ‘ಗುಂಡು ಹಾಳೆ’ ಎನ್ನುತ್ತಿದ್ದರು.

ಫಲಿತಾಂಶವನ್ನು ಹನೂರಿನ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲೇ ಪ್ರಿಂಟ್ ತೆಗೆಸಿಕೊಂಡು ಹೋದವನು ನಾನು. ಮಗುವಿಗೊಂದು ಸಾಲು, ಚೆನ್ನಾಗಿ ಮಾಡಿದವರದು ಹಸಿರು, ನಡುವಿನವರದು ಹಳದಿ, ಹಿಂದೆ ಬಿದ್ದವರದು ಕೆಂಪು. ನನಗೆ ಅಂಕಿಗಳೆಂದರೆ ಮೊದಲಿನಿಂದಲೂ ಇಷ್ಟ. ಬಸ್ಸಿನಲ್ಲೇ ಒಂದು ಕಂಬನಕ್ಷೆ ಬರೆದು, ನೆರೆಯ ಶಾಲೆಗಳ ಸರಾಸರಿಯ ಪಕ್ಕದಲ್ಲಿ ನಮ್ಮದನ್ನು ನಿಲ್ಲಿಸಿದ್ದೆ. ಅರವತ್ತಕ್ಕಿಂತ ಕೆಳಗಿನ ಶಾಲೆಗಳ ಮುಖ್ಯಸ್ಥರು ಸಭೆಗೆ ಬಂದು ಕಾರಣ ಹೇಳಬೇಕೆಂದು ಸಂದೇಶವೂ ಬಂದಿತ್ತು.

ಮಿಸ್ಸು ನನ್ನ ನಕ್ಷೆಯನ್ನು ಕನ್ನಡಕ ಏರಿಸಿಕೊಂಡು ನೋಡಿದರು.

“ಐವತ್ತೈದು ಪಾಯಿಂಟ್ ಒಂಬತ್ತೊಂದು,” ಎಂದು ಓದಿದರು. “ಆ ಪಾಯಿಂಟ್ ಒಂಬತ್ತೊಂದು ಯಾರ ಮನೆ ಮಗು ಮೇಷ್ಟ್ರೇ?”

ನಾನು ಕೆಂಪು ಸಾಲುಗಳ ಮೇಲೆ ಬೆರಳಿಟ್ಟೆ.

“ಇರೋದೇ ಹನ್ನೊಂದು ಜನ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೀಬಹುದು. ಸರಾಸರಿ ಬೇಕಾಗೋದು ಹೆಸರು ನೆನಪಿಲ್ಲದೋರಿಗೆ. ಯಾವ ಪ್ರಶ್ನೆಗೆ ಯಾರು ಏನು ಹೇಳಿದ್ದಾರೆ ಅನ್ನೋ ಹಾಳೆ ಇದೆಯಲ್ಲ, ಅದನ್ನ ತೆಗೀರಿ.”

ಅಂಥ ಹಾಳೆಯೂ ಜೊತೆಗೆ ಬಂದಿತ್ತು. ಅಕ್ಷರ ಸಣ್ಣದು, ಬಣ್ಣವಿಲ್ಲ. ಹಾಗಾಗಿ ನಾನು ಅದನ್ನು ಚೀಲದ ತಳದಲ್ಲಿ ಇಟ್ಟಿದ್ದೆ. ಅವರು ಅದನ್ನು ಮೇಜಿನ ಮೇಲೆ ಹರಡಿ, ಬೀರುವಿನಿಂದ ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತೆಗೆದರು. ಅದಕ್ಕೆ ಅವರು ಇಟ್ಟ ಹೆಸರು ‘ತಪ್ಪಿನ ಪುಸ್ತಕ’. ಸರಿ ಉತ್ತರಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಯಾವ ಮಗು ಯಾವ ತಪ್ಪು ಮಾಡಿತು, ಕೇಳಿದಾಗ ಏನು ಕಾರಣ ಹೇಳಿತು, ಇಷ್ಟೇ. ಮಗು ತಪ್ಪು ಹೇಳಿದರೆ ಅವರು ತಪ್ಪು ಎನ್ನುತ್ತಿರಲಿಲ್ಲ. “ಹೆಂಗ್ ಬಂತು ಹೇಳವ್ವ” ಅಥವಾ “ಹೇಳಪ್ಪ” ಎಂದು ಪಕ್ಕದಲ್ಲಿ ಕೂರುತ್ತಿದ್ದರು. ಎಷ್ಟೋ ಸಲ ಮಗು ಕಾರಣ ಹೇಳುತ್ತಾ ಹೇಳುತ್ತಾ ತಾನೇ ನಿಂತುಬಿಡುತ್ತಿತ್ತು. ನಾನು ಒಮ್ಮೆ ಎಣಿಸಿ ನೋಡಿದ್ದೆ: ಒಂದೇ ದಿನ ಒಂಬತ್ತು ಮಕ್ಕಳಲ್ಲಿ ಆರು ಜನ ಹಾಗೆ ಅರ್ಧಕ್ಕೆ ನಿಂತು ತಾವೇ ತಿದ್ದಿಕೊಂಡರು.

“ಆರನೇ ಪ್ರಶ್ನೆ ನೋಡಿ,” ಎಂದರು.

ಒಂದು ಚೀಲ ರಾಗಿ ಎಷ್ಟಿದೆ ಎಂದು ತಿಳಿಯಲು ಯಾವ ಅಳತೆ ಬೇಕು? ಮೀಟರ್, ಲೀಟರ್, ಕಿಲೋಗ್ರಾಂ, ಗಂಟೆ. ನಾನು ಗೀಟು ಹಾಕಿ ಎಣಿಸಿದೆ. ಏಳು ಮಕ್ಕಳು ಲೀಟರ್, ಮೂರು ಮಕ್ಕಳು ಕಿಲೋಗ್ರಾಂ. ಒಂದು ಮಗುವಿನದರಲ್ಲಿ ಉತ್ತರದ ಸಂಖ್ಯೆ ಇಲ್ಲ, ಬರೀ ಒಂದು ಗುರುತು, ಸೊನ್ನೆ ಅಂಕ.

“ಏಳು ಜನಕ್ಕೂ ಕಿಲೋ ಅಂದರೆ ಏನು ಅಂತ ಗೊತ್ತಿಲ್ಲ,” ಎಂದೆ.

“ಏಳು ಜನ ಏಳು ತರ ತಪ್ಪು ಮಾಡಿದ್ದರೆ ಆ ಮಾತು ಒಪ್ಪುತ್ತಿದ್ದೆ. ಎಲ್ಲರೂ ಲೀಟರ್‌ಗೇ ಹೋಗಿದ್ದಾರೆ. ಇವರ ಮನೇಲಿ ರಾಗೀನ ಯಾವುದರಲ್ಲಿ ಅಳೀತಾರೆ?”

ಸೇರಿನಲ್ಲಿ. ನಮ್ಮ ಅಜ್ಜಿಯ ಮನೆಯಲ್ಲೂ ಅಷ್ಟೇ. ತಗಡಿನ ಸೇರನ್ನು ರಾಗಿಯೊಳಗೆ ಅದ್ದಿ, ಗೋಪುರದ ಹಾಗೆ ತುಂಬಿ ಸುರಿಯುವುದು. ಪಾತ್ರೆಯಲ್ಲಿ ತುಂಬಿ ಅಳೆಯುವುದಕ್ಕೆ ಪುಸ್ತಕದಲ್ಲಿರುವ ಅಳತೆ ಲೀಟರ್. ಮಕ್ಕಳು ಪುಸ್ತಕವನ್ನೂ ಮರೆತಿರಲಿಲ್ಲ, ಮನೆಯನ್ನೂ ಮರೆತಿರಲಿಲ್ಲ. ಮಿಸ್ಸು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ವಾರದ ಕೊನೆಗೆ ನ್ಯಾಯಬೆಲೆ ಅಂಗಡಿಯಿಂದ ತಕ್ಕಡಿ ಎರವಲು ತರಬೇಕೆಂದು ನನಗೆ ಕೆಲಸ ಹೇಳಿದರು. ಆಮೇಲೆ ಕೇಳಿದರು: “ಆ ಸೊನ್ನೆ ಯಾರು?”

ಅದು ಪಟ್ಟಿಯ ಕೊನೆಯ ಕೆಂಪು ಸಾಲಿನ ಹುಡುಗಿ. ಇಪ್ಪತ್ತಕ್ಕೆ ನಾಲ್ಕು.

ಮಿಸ್ಸು ಕನ್ನಡಕ ತೆಗೆದು ಇಟ್ಟರು. ಅವಳ ಮೇಲೆ ಆ ಅಂಕ ಎಷ್ಟು ಭಾರವಾಗಿ ಬೀಳುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅವಳ ತಂದೆ ತಾಯಿ ಪ್ರತಿ ಚಳಿಗಾಲದಲ್ಲೂ ಕಾಫಿ ಹಣ್ಣು ಕುಯ್ಯಲು ಕೊಡಗಿನ ತೋಟಕ್ಕೆ ಹೋಗುವವರು. ಎರಡು ವರ್ಷದ ಹಿಂದೆ ಅವಳ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಆ ಹುಡುಗಿ ಮತ್ತೆ ಶಾಲೆಯ ಕಡೆ ತಿರುಗಲಿಲ್ಲ. ಇವಳನ್ನು ಅಜ್ಜಿಯ ಬಳಿ ಬಿಟ್ಟು ಹೋದರೆ, ಆರನೇ ತರಗತಿಗೆ ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಬಹುದೆಂದು ಮಿಸ್ಸು ಆಗಲೇ ತಂದೆಗೆ ಹೇಳಿದ್ದರು. ಅರ್ಜಿಗೆ ಅವನ ಸಹಿ ಬೇಕಿತ್ತು. ಅವನು ಒಂದು ಕರಾರು ಹಾಕಿದ್ದ.

“ನೋಡಿ ಮೇಡಮ್ಮೋರೆ, ಗೋರ್ಮೆಂಟಿನೋರು ಪರೀಕ್ಷ ಮಾಡವ್ರಲ್ಲ, ಅದ್ರ ಮಾರ್ಕು ಬರ್ಲಿ. ಓದೋ ಮಗ ಅಂತ ಗೊತ್ತಾದ್ರ ಅವ್ವನ ತಾವು ಬುಟ್ಟು ಓಯ್ತೀನಿ. ಇಲ್ಲ ಅಂದ್ರ ನಮ್ ಜೊತೀಲೇ ಬತ್ತಾಳ.”

ತೋಟದ ಗಾಡಿ ಬರುವುದು 22ನೇ ತಾರೀಖು, ಭಾನುವಾರ. ನಾನು ಡೈರಿಯಲ್ಲಿ 22ರ ಪುಟ ತೆಗೆದು ಹತ್ತು ದಿನ ಎಂದು ಬರೆದು ಕೆಳಗೆ ಗೀಟು ಹಾಕಿದೆ.

ಅವನು ಮರುದಿನವೇ ಬಂದ. ಮೊಪೆಡ್ಡನ್ನು ಬೇಲಿಗೆ ಒರಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮೇಜಿನ ಮೇಲಿನ ಬಣ್ಣದ ಹಾಳೆಯನ್ನೇ ನೋಡಿದ.

“ಯಾವ್ದು ಸಾ ನಮ್ಮುಡುಗೀದು?”

ನಾನು ತೋರಿಸಿದೆ.

“ಕೆಂಪಾ? ಎಷ್ಟ್ಕ ಎಷ್ಟು?”

“ಇಪ್ಪತ್ತಕ್ಕೆ ನಾಲ್ಕು.”

ಅವನು ನಕ್ಕ. “ಕ್ರಿಕೆಟ್ಟಲ್ಲಿ ಆದ್ರ ನಾಕು ಅಂದ್ರ ಚಪ್ಪಾಳೆ ತಟ್ತಾರ ಸಾ.”

“ಕೂತ್ಕೊಳಪ್ಪ,” ಎಂದರು ಮಿಸ್ಸು. “ಆ ಮಗೂಗೆ ಲೆಕ್ಕ ಬರುತ್ತೆ. ನಾನು ದಿನಾ ನೋಡ್ತೀನಿ.”

“ಬ್ಯಾಡಿ ಮೇಡಮ್ಮೋರೆ. ನೀವು ಒಳ್ಳೇವ್ರು, ಒಳ್ಳೇದ್ನೇ ಏಳ್ತೀರಿ. ನಾನು ಅದ ನಂಬ್ಕಂಡು ಕಳಿಸ್ದೆ ಅನ್ನಿ. ಅಲ್ಲಿ ಓಗಿ ತಿಳೀದೆ ಒಬ್ಳೇ ಅಳ್ತಾ ಕುಂತ್ರ ಯಾರ್ ನೋಡರು? ತ್ವಾಟ್ದಲ್ಲಾದ್ರ ಅವ್ರವ್ವ ಇರ್ತಾಳ.”

ಅದು ಮಗಳನ್ನು ದುಡಿಮೆಗೆ ಹಚ್ಚುವ ಆತುರದ ಮಾತಾಗಿರಲಿಲ್ಲ. ಮಿಸ್ಸು ಕೂಡ ವಾದ ಬೆಳೆಸಲಿಲ್ಲ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. “ಆ ನಾಲ್ಕನ್ನ ನಾನು ನಂಬಲ್ಲ ಮೇಷ್ಟ್ರೇ. ಆದರೆ ನಾನು ನಂಬಲ್ಲ ಅನ್ನೋದು ಯಾರಿಗೂ ಪುರಾವೆ ಆಗಲ್ಲ. ನಿಮಗೆ ಎಣಿಸೋದು ಇಷ್ಟ ಅಲ್ವಾ, ಎಣಿಸಿ.”

ಶನಿವಾರ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಕೂತೆ. ಅವಳೊಬ್ಬಳ ಸಾಲನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಿದೆ. ಬೇರೆ ಮಕ್ಕಳ ಸಾಲಿನಲ್ಲಿ ಅವರು ಆರಿಸಿದ ಉತ್ತರದ ಸಂಖ್ಯೆ ಇತ್ತು. ಇವಳದರಲ್ಲಿ ಮೊದಲನೆಯದರಿಂದ ಹದಿನಾರನೆಯದರವರೆಗೆ ಒಂದೊಂದು ನಕ್ಷತ್ರದ ಗುರುತು. ನಾನು ಅದನ್ನು ತಪ್ಪು ಎಂದುಕೊಂಡಿದ್ದೆ. ಹಾಳೆಯ ಅಂಚಿನಲ್ಲಿ, ಜೆರಾಕ್ಸಿನಲ್ಲಿ ಅರ್ಧ ಅಳಿಸಿಹೋಗಿದ್ದ ಸಾಲನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದೆ: ನಕ್ಷತ್ರ ಎಂದರೆ ಒಂದಕ್ಕಿಂತ ಹೆಚ್ಚು ವೃತ್ತ ತುಂಬಿದೆ, ಅಂಕ ಇಲ್ಲ. ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಈ ನಾಲ್ಕರಲ್ಲಿ ಮಾತ್ರ ಒಂದೊಂದೇ ಉತ್ತರ. ನಾಲ್ಕೂ ಸರಿ. ಅವು ಪತ್ರಿಕೆಯ ಕೊನೆಯ, ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗಳು. ಇಪ್ಪತ್ತನೆಯದನ್ನು ನಮ್ಮ ಶಾಲೆಯಲ್ಲಿ ಸರಿ ಮಾಡಿದ್ದವರು ಇಬ್ಬರೇ, ಅವರಲ್ಲಿ ಇವಳೊಬ್ಬಳು.

ಮಿಸ್ಸಿಗೆ ಫೋನ್ ಮಾಡಿದೆ. ಯಳಂದೂರಿನ ಮನೆಯಲ್ಲಿ ಏನೋ ರುಬ್ಬುವ ಸದ್ದು ಕೇಳುತ್ತಿತ್ತು.

“ಯಂತ್ರಕ್ಕೆ ಆ ಹದಿನಾರರಲ್ಲಿ ಏನೂ ಗೊತ್ತಾಗಿಲ್ಲ ಮೇಡಂ. ಗೊತ್ತಾದ ನಾಲ್ಕೂ ಸರಿ ಇವೆ.”

ರುಬ್ಬುವುದು ನಿಂತಿತು. “ಹಂಗಾದರೆ ಇಪ್ಪತ್ತಕ್ಕೆ ನಾಲ್ಕಲ್ಲ. ನಾಲ್ಕಕ್ಕೆ ನಾಲ್ಕು. ಮಿಕ್ಕಿದ್ದು ನಮಗೆ ಗೊತ್ತಿಲ್ಲ, ಅಷ್ಟೇ.” ಆಮೇಲೆ ಕೇಳಿದರು: “ಗುಂಡು ಹಾಳೆ ಅಭ್ಯಾಸ ಮಾಡಿಸಿದಿರಲ್ಲ, ಆ ದಿನ ಅವಳು ಬಂದಿದ್ದಳಾ?”

ಸೋಮವಾರ ಹಾಜರಿ ಪುಸ್ತಕ ತೆಗೆದು ನೋಡಿದೆ. ಅಭ್ಯಾಸದ ದಿನ ಅವಳು ಗೈರು, ಮರುದಿನವೂ ಗೈರು. ಕೌದಳ್ಳಿಯಲ್ಲಿ ಚಿಕ್ಕಮ್ಮನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೋಗಿದ್ದಳು. ಬಂದ ಮೇಲೆ ಅವಳಿಗೆ ಬೇರೆಯಾಗಿ ಹೇಳಿಕೊಡಬೇಕಾದವನು ನಾನು. ಆ ಕೆಲಸ ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಇಲ್ಲಿ ಮಿಸ್ಸಿನ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಅದು ಮೊರದ ಆಟ. ನಮ್ಮ ಕಡೆ ಅಕ್ಕಿಯನ್ನು ಮೊರದಲ್ಲಿ ಹರಡಿ ಕಲ್ಲು ಆಯುತ್ತಾರೆ. ಅಕ್ಕಿಯನ್ನು ಯಾರೂ ಆಯುವುದಿಲ್ಲ, ಕಲ್ಲು ಹೋದ ಮೇಲೆ ಉಳಿದದ್ದೇ ಅಕ್ಕಿ. ಮಿಸ್ಸು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೊರ ಬರೆದು ಅದರೊಳಗೆ ನಾಲ್ಕು ಉತ್ತರಗಳನ್ನು ಬರೆಯುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು, ಆಗದ ಉತ್ತರದ ಮೇಲೆ ಒಂದು ಕಲ್ಲಿಟ್ಟು, ಯಾಕೆ ಆಗದು ಎಂದು ಹೇಳಬೇಕು. ಮೂರು ಕಲ್ಲು ಬಿದ್ದ ಮೇಲೆ ಬೆಳ್ಳಗೆ ಉಳಿದದ್ದು ಉತ್ತರ. ನೋಟ್‌ಬುಕ್ಕಿನಲ್ಲಿ ಮಾಡುವಾಗ ಕಲ್ಲಿನ ಬದಲು ಪೆನ್ಸಿಲಿನಿಂದ ಮುಚ್ಚುತ್ತಿದ್ದರು. ಗೊತ್ತಿಲ್ಲದ ಲೆಕ್ಕದ ಮುಂದೆ ಹೆದರಿ ಕೂರುವ ಮಕ್ಕಳು ಕೂಡ ಈ ಆಟದಲ್ಲಿ ಮಾತನಾಡುತ್ತಿದ್ದರು. ಹಾಗೆ ಕಲಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಸೋಮವಾರ ಮಿಸ್ಸು ಪ್ರಶ್ನೆಪತ್ರಿಕೆಯನ್ನೂ ಖಾಲಿ ಗುಂಡು ಹಾಳೆಯೊಂದನ್ನೂ ಹುಡುಗಿಯ ಮುಂದಿಟ್ಟು, ಪೆನ್ನು ಕೊಟ್ಟರು.

“ಒಂದನೇ ಪ್ರಶ್ನೆ ಮಾಡವ್ವ. ಆ ದಿನ ಹೆಂಗೆ ಮಾಡಿದ್ಯೋ ಹಂಗೇ.”

ಐನೂರ ಏಳಕ್ಕಿಂತ ಹತ್ತು ಹೆಚ್ಚು ಯಾವುದು? ಅವಳು ತುಟಿ ಅಲ್ಲಾಡಿಸುತ್ತಾ ಓದಿದಳು. ಐನೂರ ಎಂಟನ್ನು ಕಪ್ಪು ಮಾಡಿದಳು. ಆರುನೂರ ಏಳನ್ನು ಮಾಡಿದಳು. ಐನೂರ ಎಪ್ಪತ್ತನ್ನೂ ಮಾಡಿದಳು. ಒಂದೊಂದು ವೃತ್ತವನ್ನೂ ಅಂಚು ದಾಟದ ಹಾಗೆ ಅಚ್ಚುಕಟ್ಟಾಗಿ ತುಂಬಿ ಪೆನ್ನಿನ ಕ್ಯಾಪು ಹಾಕಿದಳು.

“ಆಯ್ತು ಮಿಸ್ಸು.”

“ಉತ್ತರ ಎಲ್ಲವ್ವ?”

“ಅಲ್ಲೇ ಅದಲ್ಲ ಮಿಸ್ಸು, ಬೆಳ್ಳಗ.”

“ಮಿಕ್ಕವು?”

“ಕಲ್ಲು.”

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಮಿಸ್ಸಿನ ಧ್ವನಿ ಒಂದಿಷ್ಟೂ ಬದಲಾಗಲಿಲ್ಲ. “ಹದಿನೇಳರಿಂದ ಆಚೆ ಒಂದೊಂದೇ ತುಂಬಿದೀಯಲ್ಲ, ಅದ್ಯಾಕೆ?”

“ಅವತ್ತು ಬ್ಯಾರೆ ಸ್ಕೂಲ್ನಿಂದ ಒಬ್ರು ಸಾರು ಬಂದಿದ್ರಲ್ಲ, ಅವ್ರು ನೋಡ್ಬುಟ್ರು. ‘ಒಂದ್ಕ ಒಂದೇ ಗುಂಡು ಕಣಮ್ಮಿ, ಸರೀದ್ನ ತುಂಬು’ ಅಂದ್ರು.”

“ಮತ್ತೆ ಮೊದಲಿನವು?”

“ಪೆನ್ನಲ್ಲಿ ತುಂಬಿದ್ನಲ್ಲ ಮಿಸ್ಸು, ಅಳ್ಸಾಕ ಆಯ್ತದಾ?”

“ನಮಗೆ ಯಾಕೆ ಹೇಳಲಿಲ್ಲ?” ಎಂದು ನಾನು ಕೇಳಿದೆ.

“ನೀವ್ ಕೇಳ್ನಿಲ್ವಲ್ಲ ಸಾ.”

ಅವಳು ಹೊರಗೆ ಹೋದ ಮೇಲೆ ನಾನು, “ತಪ್ಪು ನನ್ನದು ಮೇಡಂ,” ಎಂದೆ. “ಮೊರ ಕಲಿಸಿದ್ದು ನಾನು,” ಎಂದರು ಅವರು. “ಅದನ್ನ ಎಲ್ಲಿ ಬಳಸಬಾರದು ಅಂತ ಕಲಿಸಲಿಲ್ಲ. ತಪ್ಪನ್ನ ಆಮೇಲೆ ಹಂಚಿಕೊಳ್ಳೋಣ. ಇನ್ನು ಆರು ದಿನ ಇದೆ.” ಕೂಡಲೇ ಶಿಕ್ಷಣ ಇಲಾಖೆಯ ಕಚೇರಿಗೆ ಫೋನ್ ಮಾಡಿದರು. ಅಂಕಗಳು ಒಮ್ಮೆ ಮೇಲಕ್ಕೆ ಹೋದ ಮೇಲೆ ಬದಲಾಗುವುದಿಲ್ಲ ಎಂದು ಆ ಕಡೆಯವರು ಮರ್ಯಾದೆಯಿಂದಲೇ ಹೇಳಿದರು. ಮಿಸ್ಸು ಸರಿ ಎಂದು ಫೋನ್ ಇಟ್ಟರು. ಶಾಲೆಯ ಸರಾಸರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಅವಳ ಮನೆಗೆ ಹೋದೆವು. ಜಗುಲಿಯ ಮೇಲೆ ಎರಡು ಚೀಲ ಆಗಲೇ ಕಟ್ಟಿಟ್ಟಿದ್ದರು. ಒಂದರ ಬಾಯಿಯಿಂದ ಪಾತ್ರೆಯ ಕಿವಿ ಹೊರಗೆ ಇಣುಕುತ್ತಿತ್ತು. ಮಿಸ್ಸು ಜಗುಲಿಯ ಮೇಲೇ ಕೂತು, ಮೊರದ ವಿಷಯ, ನಕ್ಷತ್ರದ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿದರು. ಎಲ್ಲೂ ಹುಡುಗಿಯ ಮೇಲೆ ಹಾಕಲಿಲ್ಲ, ನನ್ನ ಮೇಲೂ ಹಾಕಲಿಲ್ಲ. “ನಾನು ಕಲಿಸಿದ್ದೇ ಅವಳಿಗೆ ಅಡ್ಡ ಬಂತು ಕಣಪ್ಪ,” ಎಂದರು.

ತಂದೆ ಗೋಡೆಗೆ ಒರಗಿ ನಿಂತು ಕೇಳಿದ. “ಸರಿ ಮೇಡಮ್ಮೋರೆ. ಗೋರ್ಮೆಂಟಿನ ಹಾಳೀಲಿ ನಾಕು ಅಂತ ಅದ. ನೀವು ನಾಕಲ್ಲ ಅಂತೀರಿ. ಹಂಗಾರ ಎಷ್ಟು?”

ನಾನಾಗಿದ್ದರೆ ಇಪ್ಪತ್ತು ಎಂದುಬಿಡುತ್ತಿದ್ದೆ. ನಾಲಿಗೆಯ ತುದಿಗೆ ಬಂದೂ ಇತ್ತು.

“ಗೊತ್ತಿಲ್ಲ,” ಎಂದರು ಮಿಸ್ಸು. “ಅದಕ್ಕೇ ಪ್ರಶ್ನೆಪತ್ರಿಕೆ ತಂದಿದ್ದೀನಿ. ನಿನ್ನ ಮುಂದೇನೇ ಮಾಡಲಿ. ಆ ಹದಿನಾರು ಮಾತ್ರ.”

ಹುಡುಗಿ ಚೀಲಗಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತಳು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಯಾವುದು ಯಾಕೆ ಆಗದು ಎಂದು ಹೇಳಿ, ಕೊನೆಗೆ ಉತ್ತರ ಹೇಳುವುದು. ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಒಂದು, ಎರಡು, ಮೂರು ಸರಿ. ನಾಲ್ಕನೆಯದು ಗಡಿಯಾರದ್ದು, ಚಿಕ್ಕ ಮುಳ್ಳನ್ನು ದೊಡ್ಡದೆಂದು ಓದಿದಳು. ಮಿಸ್ಸು, “ತಪ್ಪು ಹಾಕಿ ಮೇಷ್ಟ್ರೇ,” ಎಂದರು. ತಂದೆ ಅವರ ಮುಖ ನೋಡಿದ. ಐದು ಸರಿ. ಆಮೇಲೆ ಆರನೆಯದು, ರಾಗಿಯದು.

“ಮೀಟ್ರು ಅಲ್ಲ, ಅದು ಬಟ್ಟೆಗ. ಗಂಟೆ ಅಲ್ಲ. ಕಿಲೋ ಅಲ್ಲ, ಅದು ಸಕ್ರೆಗ, ಅಂಗ್ಡೀಲಿ. ಲೀಟ್ರು.”

“ತಪ್ಪು ಹಾಕಿ,” ಎಂದರು ಮಿಸ್ಸು.

ಗೋಡೆ ಬಿಟ್ಟು ತಂದೆ ಮುಂದೆ ಬಂದ. “ಅದ್ಯಾಕ ತಪ್ಪು?”

“ರಾಗಿಗೆ ಕಿಲೋ ಕಣಪ್ಪ.”

“ಯಾರ್ ತೂಗ್ತಾರ ರಾಗಿಯ? ನಮ್ಮಪ್ಪನೂ ಸೇರಲ್ಲೇ ಅಳ್ದ, ನಾನೂ ಅಳೀತೀನಿ. ಸೇರು ಅಂದ್ರ ತುಂಬಿ ಅಳ್ಯೋದು. ತುಂಬಿ ಅಳ್ಯೋದ್ಕ ಲೀಟ್ರು ತಾನ? ಮಗ ಸರ್ಯಾಗೇ ಏಳವ್ಳ ಕಣ್ರಿ.”

“ನೀನು ಹೇಳೋದೂ ಸರಿ. ಪರೀಕ್ಷೇಲಿ ತಪ್ಪು.”

“ಅದೆಂಗ ಎರ್ಡೂ ಆಯ್ತದ?”

“ಆಗುತ್ತೆ. ಅಲ್ಲಿ ಪ್ರಶ್ನೆ ಕೇಳೋರು ಸೇರು ನೋಡಿಲ್ಲ. ಅವಳು ಅವರ ಹತ್ತಿರ ಹೋಗಬೇಕಲ್ಲ, ಅವರ ಅಳತೇನೂ ಗೊತ್ತಿರಬೇಕು. ಮಾರ್ಕು ಕೊಡಲ್ಲ.”

“ಒಂದು ಮಾರ್ಕ್ಗ ಇಷ್ಟು ಗಟ್ಟಿ ಕೈಯಾ ಮೇಡಮ್ಮೋರೆ! ಮಗ ಯೋಚ್ನ ಮಾಡಿ ಏಳದ, ಅರ್ಧಾನಾದ್ರೂ ಕೊಡಿ.”

ಒಳಗಿನಿಂದ ಅವನ ಹೆಂಡತಿ ನಗುತ್ತಾ ಕೂಗಿದಳು. “ಅಯ್ಯೋ ಬುಡಿ ಅತ್ಲಾಗಿ, ನೀವೇ ಓಗಿ ಪರೀಕ್ಷ ಕಟ್ಬುಟ್ಟು ಬನ್ನಿ!”

“ನೀ ಸುಮ್ನಿರು,” ಎಂದ ಅವನು. ಆದರೆ ಮತ್ತೆ ಗೋಡೆಗೆ ಒರಗಲಿಲ್ಲ. ಮಗಳ ಪ್ರಶ್ನೆಪತ್ರಿಕೆ ಕಾಣುವ ಹಾಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಅವನು ಓದಬಲ್ಲವನಾಗಿದ್ದ, ನಿಧಾನವಾಗಿ. ಏಳನೆಯದರಿಂದ ಪ್ರಶ್ನೆಯನ್ನು ಅವನೇ ಓದತೊಡಗಿದ. ಹನ್ನೊಂದನೆಯದರಲ್ಲಿ ಚೀಲಗಳನ್ನು ಗಾಡಿಗೆ ಹಂಚುವ ಲೆಕ್ಕ ಬಂತು. ಅವನು ಬೆರಳು ಮಡಚುತ್ತಾ ಇದ್ದಾಗಲೇ ಅವಳು ಉತ್ತರ ಹೇಳಿಬಿಟ್ಟಳು. “ತಡ್ಯಮ್ಮಿ, ನಂದಿನ್ನೂ ಆಗಿಲ್ಲ,” ಎಂದು ರೇಗಿದ. ತನ್ನದೂ ಆದ ಮೇಲೆ, “ಸರಿ ಅದ,” ಎಂದು ನನ್ನ ಕಡೆ ನೋಡಿದ. ನಾನು ಗುರುತು ಹಾಕಿದೆ. ಹದಿನಾಲ್ಕನೆಯದು ಭಿನ್ನರಾಶಿಯದು. ಅವಳು ತುಂಬ ಹೊತ್ತು ಯೋಚಿಸಿ ತಪ್ಪು ಹೇಳಿದಳು. ಅಲ್ಲಿ ಅವನು ವಾದಿಸಲಿಲ್ಲ.

ಕೊನೆಗೆ ಕೇಳಿದ: “ಎಷ್ಟಾಯ್ತು ಸಾ?”

“ಹದಿನಾರಕ್ಕೆ ಹದಿಮೂರು. ಮೊದಲಿನ ನಾಲ್ಕು ಸೇರಿದರೆ ಹದಿನೇಳು.”

“ರಾಗೀದು ಸೇರುದ್ರ ಅದ್ನೆಂಟು.”

“ಹದಿನೇಳು,” ಎಂದರು ಮಿಸ್ಸು.

ಅವನು ಎದ್ದು ಚೀಲದ ಬಾಯಿ ಬಿಚ್ಚಿದ. ಬಟ್ಟೆಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಆಧಾರ್ ಕಾರ್ಡುಗಳನ್ನು ತೆಗೆದು, ಮಗಳದನ್ನು ಮಾತ್ರ ಹುಡುಕಿ ನನ್ನ ಕೈಗೆ ಕೊಟ್ಟ. ಅರ್ಜಿಯ ಮೇಲೆ ತನ್ನ ಹೆಸರನ್ನು ಪೂರ್ತಿ ಬರೆದು ಸಹಿ ಮಾಡಿದ. ನಮ್ಮನ್ನು ರಸ್ತೆಯವರೆಗೆ ಬಿಡಲು ಬಂದಾಗ ಹೇಳಿದ: “ನೀವು ಇಪ್ಪತ್ತಕ್ಕ ಇಪ್ಪತ್ತು ಅಂದಿದ್ರ ನಾನು ಕಳಿಸ್ತಿರ್ನಿಲ್ಲ ಮೇಡಮ್ಮೋರೆ. ಒಂದ್ ಮಾರ್ಕೂ ಬುಡ್ನಿಲ್ವಲ್ಲ ನೀವು.”

ಬಸ್ಸಿನಲ್ಲಿ ನಾನು ಹೊಸ ಸರಾಸರಿ ಹಾಕಿ ನೋಡಿದೆ. ನಾಲ್ಕರ ಜಾಗದಲ್ಲಿ ಹದಿನೇಳು ಇಟ್ಟರೆ ಶಾಲೆಯದು 61.82, ಅರವತ್ತರ ಮೇಲೆ. ಅದನ್ನು ಮಿಸ್ಸಿಗೆ ತೋರಿಸಿ, ಶುಕ್ರವಾರದ ಸಭೆಯಲ್ಲಿ ಇದನ್ನೇ ಹೇಳೋಣ ಎಂದೆ. ಅವರು ಕಿಟಕಿಯಾಚೆ ನೋಡುತ್ತಾ, “ಹೇಳೋಣ, ಕೇಳಿದರೆ,” ಎಂದರು.

ಶಾಲೆ ಬಿಟ್ಟ ಮೇಲೆ ನಡೆದ ಸಭೆಗೆ ನಾನೂ ಹೋದೆ. ಬಂದ ಶಾಲೆಗಳು ಹದಿಮೂರು. ಒಬ್ಬೊಬ್ಬರೂ ಎದ್ದು ನಿಂತು ಗೈರುಹಾಜರಿ, ಶಿಕ್ಷಕರ ಕೊರತೆ ಎಂದು ಕಾರಣ ಹೇಳಿದರು. ಮಿಸ್ಸು ಎದ್ದು, ಒಂದು ಮಗು ಹಾಳೆ ತುಂಬುವ ರೀತಿಯನ್ನು ತಪ್ಪಾಗಿ ತಿಳಿದಿತ್ತು, ಅದಕ್ಕೆ ಕಾರಣ ತಮ್ಮ ಪಾಠ, ಎಂದರು.

“ಒಂದು ಮಗುವಿನಿಂದ ಇಡೀ ಶಾಲೆ ಕೆಳಗಿಳಿಯುತ್ತಾ ಮೇಡಂ?” ಎಂದು ಸಭೆ ನಡೆಸುತ್ತಿದ್ದವರು ನಕ್ಕರು.

“ಹನ್ನೊಂದು ಮಕ್ಕಳ ತರಗತಿಯಲ್ಲಿ ಒಂದು ಮಗು ಅಂದರೆ ಶೇಕಡ ಒಂಬತ್ತು ಸರ್.”

ಅವರು ನಗು ನಿಲ್ಲಿಸಿ ಅದನ್ನು ಬರೆದುಕೊಂಡರು. ಮಿಸ್ಸು ಮತ್ತೊಂದು ಮಾತು ಸೇರಿಸಿದರು: ಮುಂದಿನ ಸಲ ಅಭ್ಯಾಸದ ದಿನ ಗೈರಾದ ಮಕ್ಕಳ ಪಟ್ಟಿಯನ್ನು ಪ್ರತಿ ಶಾಲೆಯೂ ಇಟ್ಟುಕೊಳ್ಳಲಿ. ನಮ್ಮ 61.82 ಅನ್ನು ಅವರು ಹೇಳಲೇ ಇಲ್ಲ. ಹೊರಗೆ ಬಂದ ಮೇಲೆ ನಾನು ಕೇಳಿದ್ದಕ್ಕೆ, “ಅದು ಮನೆ ಜಗುಲೀಲಿ ಮಾಡಿದ ಪರೀಕ್ಷೆ ಮೇಷ್ಟ್ರೇ. ಬೇರೆ ಶಾಲೆ ಮಕ್ಕಳಿಗೆ ಎರಡನೇ ಅವಕಾಶ ಯಾರು ಕೊಟ್ಟರು?” ಎಂದರು. ಆ ದಿನ ನನ್ನ ಕಂಬನಕ್ಷೆಯನ್ನು ಡೈರಿಯೊಳಗೆ ಮಡಚಿಟ್ಟೆ. ಅಲ್ಲಿಂದೀಚೆಗೆ ಮಕ್ಕಳ ಸಂಖ್ಯೆ ಬರೆಯದೆ ಶೇಕಡ ಬರೆದದ್ದಿಲ್ಲ.

22ರ ಭಾನುವಾರ ಗಾಡಿ ಬಂದು ಹೋಯಿತು. ಸೋಮವಾರದ ಹಾಜರಿಯಲ್ಲಿ ಐದನೇ ತರಗತಿಯ ಇಬ್ಬರು ಇರಲಿಲ್ಲ. ಅವಳಿದ್ದಳು, ಅಜ್ಜಿ ಬಿಗಿಯಾಗಿ ಹೆಣೆದ ಎರಡು ಜಡೆಯಲ್ಲಿ. ಅಂದಿನಿಂದ ಪರೀಕ್ಷೆಯವರೆಗೆ ನಾನು ಅವಳಿಗೆ ನಲವತ್ತೊಂದು ಗುಂಡು ಹಾಳೆ ಮಾಡಿಸಿದೆ. ಪ್ರವೇಶ ಪರೀಕ್ಷೆ ಕೊಳ್ಳೇಗಾಲದಲ್ಲಿತ್ತು. ಅಜ್ಜಿಯ ಜೊತೆ ನಾನೇ ಕರೆದುಕೊಂಡು ಹೋದೆ. ಮೊದಲನೇ ಪಟ್ಟಿಯಲ್ಲಿ ಅವಳ ಸಂಖ್ಯೆ ಇರಲಿಲ್ಲ. ಎರಡನೆಯದರಲ್ಲಿತ್ತು, ಯಳಂದೂರು ಕಡೆಯ ಶಾಲೆಗೆ.

ಜೂನ್ 4, ಬುಧವಾರ ತಂದೆ ಮತ್ತು ಮಗಳು ವರ್ಗಾವಣೆ ಪತ್ರಕ್ಕೆ ಬಂದರು; ಅಲ್ಲಿಂದಲೇ ಕೊಳ್ಳೇಗಾಲದ ಮೇಲೆ ಯಳಂದೂರಿಗೆ ಹೊರಟಿದ್ದರು. ಮಿಸ್ಸು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಳಂದೂರಿನ ದಾರಿ ಹೇಳುತ್ತಿದ್ದರು. ಯಾವ ಅಂಗಡಿಯಲ್ಲಿ ನೋಟ್‌ಬುಕ್ಕು ಸಿಗುತ್ತದೆ, ಶನಿವಾರ ತಾವು ಎಷ್ಟು ಗಂಟೆಗೆ ನೋಡಲು ಬರುವುದು, ಎಲ್ಲ. ನಾನು ಪತ್ರ ತುಂಬುತ್ತಿದ್ದೆ. ತಂದೆ ಮೇಜಿನ ಮೇಲೆ ಬಾಗಿ ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದ.

“ಇಲ್ಲೇನ್ ಬರ್ದಿರಿ ಸಾ?”

“ಶಾಲೆ ಬಿಡಲು ಕಾರಣ: ಮುಂದಿನ ವ್ಯಾಸಂಗಕ್ಕಾಗಿ.”

“ಇನ್ನೊಂದ್ಸಲ ಓದಿ.”

ಓದಿದೆ. ಅವನು ತಲೆ ಆಡಿಸಿ, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆರಳಿಟ್ಟು ತಾನೇ ನಿಧಾನವಾಗಿ ಆ ಸಾಲನ್ನು ಓದಿಕೊಂಡ.

“ಬ್ಯಾಗ ಬಾಪ್ಪ, ಕೊಳ್ಳೇಗಾಲದ್ ಬಸ್ಸು ಒಂಟೋಯ್ತದ,” ಎಂದಳು ಮಗಳು, ಬಾಗಿಲಲ್ಲಿ ನಿಂತು.